ಬೀರುವಿನೊಳಗಿನ ಅಜ್ಜ



ಜೋಯಿಡಾ, ಹಳಿಯಾಳ, ದಾಂಡೇಲಿ, ಮುಂಡಗೋಡದ ಕಾಡಂಚಿನಲ್ಲಿ ತುಂಡು ನೆಲ ಉಳುವ ನಮ್ಮವರನ್ನು ಕಚೇರಿ ಕೇಳುವುದು ಒಂದೇ ಮಾತು: ಕಾಗದ ಎಲ್ಲೈತಿ?

2006ರ ಅರಣ್ಯ ಹಕ್ಕು ಕಾಯ್ದೆಯ ಪ್ರಕಾರ ಪರಿಶಿಷ್ಟ ಪಂಗಡದವರಿಗೆ 2005ರ ಡಿಸೆಂಬರ್ 13ಕ್ಕೆ ಮೊದಲಿನ ಸ್ವಾಧೀನ ಸಾಕು. 2003ರಲ್ಲಿ ಪಂಗಡದ ಪಟ್ಟಿ ಸೇರಿದ ಸಿದ್ದಿ ಗೆಳೆಯರಿಗೆ ಈ ದಾರಿ ಇದೆ. ಅವರ ಬೇಲಿಯಾಚೆಯ ದಲಿತನಿಗೆ ಇಲ್ಲ. ಅವನು ಮೂರು ತಲೆಮಾರು, ಅಂದರೆ 75 ವರ್ಷ ಇಲ್ಲೇ ಬದುಕಿದ್ದಕ್ಕೆ ಸಾಕ್ಷ್ಯ ಕೊಡಬೇಕು. 1930ರಲ್ಲಿ ಯಾವ ದಲಿತನ ಗುಡಿಸಲಲ್ಲಿ ಕಾಗದ ಇತ್ತು? ಹಿರಿಯರ ಹೇಳಿಕೆಯನ್ನು ಕಾಯ್ದೆ ಒಪ್ಪುತ್ತದೆ, ಅದೊಂದೇ ಸಾಲದು. ಸರ್ವೆ ನಕ್ಷೆ, ಜನಗಣತಿ, ಅರಣ್ಯ ಇಲಾಖೆಯ ಕಾರ್ಯಯೋಜನೆ, ಇವೂ ಸಾಕ್ಷ್ಯವೇ. ಇವೆಲ್ಲ ಇರುವುದು ಸರಕಾರದ ಬೀರುವಿನಲ್ಲಿ. ನಮ್ಮಜ್ಜನನ್ನು ಬೀರುವಿನಲ್ಲಿಟ್ಟು ಬೀಗ ಹಾಕಿ, ಅಜ್ಜನನ್ನು ಕರಕೊಂಡು ಬಾ ಅಂತಾರೆ!

ಬೀಗದ ಕೈ 2005ರ ಮಾಹಿತಿ ಹಕ್ಕು ಕಾಯ್ದೆ. ಅದು ದಿಲ್ಲಿಯ ದಾನವಲ್ಲ. ರಾಜಸ್ಥಾನದ ಕೂಲಿಕಾರರು ತೊಂಬತ್ತರ ದಶಕದಲ್ಲಿ ಹಾಜರಿ ಪಟ್ಟಿ ತೋರಿಸಿರೆಂದು ಬೀದಿಯಲ್ಲಿ ಕೂತು ಗಳಿಸಿದ್ದು.

ನಾವು ಮೊದಲ ಸಲ ಹಾಕಿದ ಅರ್ಜಿ ಬಂಡಾಯ ಕವಿತೆಯ ಹಾಗಿತ್ತು. ನಮ್ಮವರ ಹೊಟ್ಟೆ ಮೇಲೆ ಯಾಕೆ ಹೊಡೀತೀರಿ, ಇದಕ್ಕೆ ಯಾರು ಹೊಣೆ ಅಂತ ಎರಡು ಪುಟ. ಉತ್ತರ ಒಂದೇ ಸಾಲು: ಇದು ಮಾಹಿತಿಯ ವ್ಯಾಪ್ತಿಗೆ ಬರುವುದಿಲ್ಲ. ಸಿಟ್ಟು ಬಂತು. ಆದರೆ ತಪ್ಪು ನಮ್ಮದೂ ಇತ್ತು. ಕಾಯ್ದೆ ಕೊಡಿಸುವುದು ಕಡತದಲ್ಲಿರುವುದನ್ನು, ಅಧಿಕಾರಿಯ ಮನಸ್ಸಿನಲ್ಲಿರುವುದನ್ನಲ್ಲ. ಇಲ್ಲದ ಮಾಹಿತಿ ಸೃಷ್ಟಿಸಿ ಕೊಡಬೇಕಾಗಿಲ್ಲ ಎಂದು 2011ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ.

ಆದ್ದರಿಂದ 'ಯಾಕೆ ತಿರಸ್ಕರಿಸಿದಿರಿ' ಅನ್ನಬೇಡಿ. ಕಡತದ ಪೂರ್ತಿ ಪ್ರತಿ ಕೇಳಿ, ಟಿಪ್ಪಣಿ ಹಾಳೆ ಸಹಿತ. ಸ್ಥಳ ಪರಿಶೀಲನೆಯ ವರದಿ ಕೇಳಿ, ಉಪವಿಭಾಗ ಸಮಿತಿಯ ನಡಾವಳಿ ಕೇಳಿ, ತಿರಸ್ಕಾರದ ನೋಟಿಸು ಮುಟ್ಟಿದ್ದಕ್ಕೆ ಸಹಿ ಎಲ್ಲಿದೆ ತೋರಿಸಿ ಅನ್ನಿ. ಯಾರೂ ಜಾಗಕ್ಕೆ ಕಾಲಿಟ್ಟಿರದಿದ್ದರೆ ಆ ವರದಿಯೇ ಇರುವುದಿಲ್ಲ. ಆಗ 'ಯಾಕೆ' ಎಂಬುದು ತಾನೇ ಬಯಲಾಗುತ್ತದೆ. ಹಾಸ್ಟೆಲ್ ಸಾರು ನೀರಾಗಿದ್ದರೂ ಇದೇ ಮಾತು: ದಾಸ್ತಾನು ಪುಸ್ತಕ, ಹಾಜರಿ, ಬಿಲ್ಲು.

ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ. ಶುಲ್ಕ ಹತ್ತು ರೂಪಾಯಿ, ಬಡತನ ರೇಖೆ ಕೆಳಗಿನವರಿಗೆ ಅದೂ ಇಲ್ಲ. ಕನ್ನಡದಲ್ಲೇ ಬರೆಯಿರಿ. ಅವ್ವನಿಗೆ ಬರೆಯಲು ಬಾರದಿದ್ದರೆ ಆಕೆ ಹೇಳಿದ್ದನ್ನು ಬರೆದುಕೊಳ್ಳಲು ನೆರವಾಗುವುದು ಮಾಹಿತಿ ಅಧಿಕಾರಿಯ ಕರ್ತವ್ಯ. 30 ದಿನಕ್ಕೆ ಉತ್ತರ ಬಾರದಿದ್ದರೆ ಮೇಲಿನ ಅಧಿಕಾರಿಗೆ ಅಪೀಲು, ಆಮೇಲೆ ಮಾಹಿತಿ ಆಯೋಗ. ವಿನಾಕಾರಣ ತಡ ಮಾಡಿದ ಅಧಿಕಾರಿಗೆ ಆಯೋಗ ದಿನಕ್ಕೆ 250 ರೂಪಾಯಿ ದಂಡ ಹಾಕಬಹುದು, 25,000ದ ತನಕ. ಆಯೋಗದಲ್ಲೂ ಕಾಯಬೇಕಾಗುತ್ತದೆ, ಸುಳ್ಳು ಹೇಳುವುದಿಲ್ಲ.

1923ರಲ್ಲಿ ಮುಂಬಯಿ ಶಾಸನ ಸಭೆ ಸಾರ್ವಜನಿಕ ಕೆರೆಬಾವಿ ಅಸ್ಪೃಶ್ಯರಿಗೂ ಸೇರಿದ್ದೆಂದು ಠರಾವು ಮಾಡಿತು. ಆಗ ನಮ್ಮ ಜಿಲ್ಲೆಯೂ ಮುಂಬಯಿ ಪ್ರಾಂತ್ಯದ್ದೇ. ಠರಾವು ಕಾಗದದಲ್ಲೇ ಉಳಿಯಿತು. 1927ರಲ್ಲಿ ಬಾಬಾಸಾಹೇಬರು ಮಹಾಡದ ಕೆರೆಗಿಳಿದು ನೀರು ಕುಡಿದದ್ದು ಆ ಕಾಗದವನ್ನು ಓದಿಕೊಂಡೇ.

ಕೌಂಟರಿನಲ್ಲಿ ಗುಮಾಸ್ತ 'ಯಾರ ಪೈಕಿ? ಇದೆಲ್ಲ ನಿನಗ್ಯಾಕ?' ಅಂದಾನು. ಕಾರಣ ಹೇಳಬೇಕಾಗಿಲ್ಲ ಎಂದು ಕಾಯ್ದೆಯ ಆರನೇ ಕಲಮಿನಲ್ಲೇ ಇದೆ. ಇಬ್ಬರು ಜೊತೆಯಾಗಿ ಹೋಗಿ, ಇನ್ನೊಂದು ಪ್ರತಿಯ ಮೇಲೆ ತಾರೀಖಿನ ಸೀಲು ಹಾಕಿಸಿಕೊಳ್ಳದೆ ಬರಬೇಡಿ.