ಡೆಟ್ರಾಯ್ಟಿನ ಹುಲ್ಲು, ಫೀನಿಕ್ಸಿನ ನೆಲ

ರಾಜ್ಯೋತ್ಸವದ ಈ ಸ್ಮರಣ ಸಂಚಿಕೆ ನಿಮ್ಮ ಕೈ ಸೇರುವ ಹೊತ್ತಿಗೆ ಫೀನಿಕ್ಸಿನ ಎಷ್ಟೋ ಬೀದಿಗಳಲ್ಲಿ ಗೊಬ್ಬರದ ನಾತ ಅಡರಿರುತ್ತದೆ. ಹೊಸಬರು ಚರಂಡಿ ಒಡೆದಿರಬೇಕು ಎಂದುಕೊಳ್ಳುತ್ತಾರೆ. ಬೇಸಿಗೆಯ ಹುಲ್ಲು ಮಂಕಾಗುವ ಮುನ್ನ ಅದರ ಮೇಲೆ ಚಳಿಗಾಲದ ರೈ ಹುಲ್ಲಿನ ಬೀಜ ಎರಚಿ ಗೊಬ್ಬರ ಹರಡುವ ಕಾಲವಿದು. ನಮ್ಮ ಸಂಘದ ಸದಸ್ಯರೊಬ್ಬರಿಗೆ ಇದೇ ಸುಗ್ಗಿ. ಡೆಟ್ರಾಯ್ಟಿನ ಹೊರವಲಯದಲ್ಲಿ ವರ್ಷಗಟ್ಟಲೆ ಲ್ಯಾಂಡ್‌ಸ್ಕೇಪಿಂಗ್ ಕೆಲಸ ನಡೆಸಿ, ಹಿಮ ಎತ್ತಿ ಎತ್ತಿ ಸಾಕಾಗಿ, ವ್ಯಾಪಾರವನ್ನೇ ಇಲ್ಲಿಗೆ ಕಟ್ಟಿಕೊಂಡು ಬಂದವರು ಅವರು.

ನಾವೆಲ್ಲ ಊರು ಬಿಟ್ಟು ಬಂದವರೇ. ಆದರೆ ನಮ್ಮಲ್ಲಿ ಬಹುಪಾಲು ಮಂದಿಗೆ ಊರು ಬದಲಾದರೂ ಕೆಲಸ ಬದಲಾಗುವುದಿಲ್ಲ. ಲ್ಯಾಪ್‌ಟಾಪು ತೆರೆದರೆ ಮಿಷಿಗನ್ ಆದರೇನು, ಅರಿಜೋನಾ ಆದರೇನು! ಮಣ್ಣು ನಂಬಿ ಬದುಕುವವರ ಪಾಡು ಬೇರೆ. ಲಾರಿಯಲ್ಲಿ ಯಂತ್ರಗಳು ಬಂದವು, ಲೆಕ್ಕದ ಪುಸ್ತಕ ಬಂತು. ಗಿರಾಕಿಗಳು ಯಾವುದಕ್ಕೆ ದುಡ್ಡು ಕೊಡುತ್ತಿದ್ದರೋ ಆ ತಿಳಿವಳಿಕೆಯಲ್ಲಿ ಅರ್ಧ ಅಲ್ಲೇ ಉಳಿಯಿತು.

ಮೊದಲು ಆದಾಯದ ಲೆಕ್ಕ ನೋಡಿ. ಅಲ್ಲಿ ಏಪ್ರಿಲ್‌ನಿಂದ ನವೆಂಬರ್‌ವರೆಗೆ ಹುಲ್ಲು ಮತ್ತು ಗಿಡ, ಆಮೇಲೆ ಅಂಗಡಿ ಮುಂಗಟ್ಟುಗಳ ಹಿಮ ತಳ್ಳುವ, ಉಪ್ಪು ಎರಚುವ ಗುತ್ತಿಗೆ. ಚಳಿಗೆ ಮುಂಚೆ ಸ್ಪ್ರಿಂಕ್ಲರ್ ಪೈಪುಗಳೊಳಗಿನ ನೀರು ಹೆಪ್ಪುಗಟ್ಟಿ ಒಡೆಯದಂತೆ ಕಂಪ್ರೆಸರ್‌ನಿಂದ ಗಾಳಿ ಊದಿ ಖಾಲಿ ಮಾಡುವುದೂ ಒಂದು ಒಳ್ಳೆಯ ಸಂಪಾದನೆ. ಇಲ್ಲಿ ಅವೆರಡೂ ಇಲ್ಲ. ಬದಲಿಗೆ ಹನಿ ನೀರಾವರಿ ಇದೆ, ಗಡುಸು ನೀರಿನ ಸುಣ್ಣ ಕಟ್ಟಿಕೊಂಡು ಮುಚ್ಚಿಹೋಗುವ ಅದರ ಸಣ್ಣ ಬಾಯಿಗಳಿವೆ. ಜೂನ್ ಮಧ್ಯದಿಂದ ಸೆಪ್ಟೆಂಬರ್ ಕೊನೆಯವರೆಗಿನ ಮಾನ್ಸೂನ್ ಬಿರುಗಾಳಿ ಉರುಳಿಸಿಹೋದ ಮರಗಳನ್ನು ತೆರವು ಮಾಡುವುದಿದೆ. ಹಿಮ ತಳ್ಳುವ ಹಲಗೆಯನ್ನು ಹೊರಡುವ ಮೊದಲೇ ಮಾರಿಬಂದದ್ದು ಜಾಣತನ; ಇಲ್ಲಿ ಅದನ್ನು ಗುಜರಿಯವನೂ ಒಲ್ಲ.

ಇನ್ನು ನೆಲ. ಬಂದ ಹೊಸತರಲ್ಲಿ ಒಂದು ಮನೆಯ ಹಿತ್ತಲಲ್ಲಿ ನಿಂಬೆ ಗಿಡಕ್ಕೆ ಗುಂಡಿ ತೋಡುತ್ತಿದ್ದರಂತೆ. ಒಂದೂವರೆ ಅಡಿ ಇಳಿಯುವಷ್ಟರಲ್ಲಿ ಗುದ್ದಲಿ ಠಣ್ ಎಂದಿತು. ಅಡಿಯಲ್ಲಿ ಯಾರೋ ಕಾಂಕ್ರೀಟು ಹಾಕಿದ್ದಾರೆ ಎಂದುಕೊಂಡು ಮನೆಯವರನ್ನು ಕೇಳಲು ಹೊರಟರೆ, ಸೊನೋರಾ ಕಡೆಯ ಹಿರಿಯ ಕೆಲಸಗಾರ ನಕ್ಕು ಹಾರೆ ತಂದುಕೊಟ್ಟ. ಅದು ಕ್ಯಾಲಿಚಿ: ಸಾವಿರಾರು ವರ್ಷ ಮಣ್ಣಿನಲ್ಲಿ ಇಳಿದ ಸುಣ್ಣ ಗಟ್ಟಿಯಾಗಿ ಕೂತ ಬಿಳಿ ಪದರ. ಅದನ್ನು ಒಡೆದು ತೂತು ಮಾಡಿ, ಗುಂಡಿಗೆ ನೀರು ತುಂಬಿ, ಮರುದಿನದ ಹೊತ್ತಿಗೆ ಇಂಗಿದೆಯೇ ಎಂದು ನೋಡಿ ಆಮೇಲೆ ಗಿಡ ನೆಡಬೇಕು. ಇಂಗದಿದ್ದರೆ ಮರುಭೂಮಿಯ ನಡುವೆಯೂ ಗಿಡ ನೀರು ನಿಂತು ಬೇರು ಕೊಳೆತೇ ಸಾಯುತ್ತದೆ. ಆ ಹಿರಿಯನೇ ಈಗ ಅವರ ಮೇಸ್ತ್ರಿ. ಹೊಸ ಊರಲ್ಲಿ ಅವರು ಹೂಡಿದ ಅತ್ಯುತ್ತಮ ಬಂಡವಾಳ ಅದೇ ಎಂಬುದು ನಮ್ಮ ಅಭಿಪ್ರಾಯ.

ಕಾಲವೂ ತಲೆಕೆಳಗು. ಅಲ್ಲಿ ವಸಂತದಲ್ಲಿ ನೆಟ್ಟ ಕೈಗೆ ಇಲ್ಲಿ ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ ನೆಡುವ ಅಭ್ಯಾಸ ಆಗಬೇಕು. ಎಳೆಯ ನಿಂಬೆ, ಕಿತ್ತಳೆಗಳ ಕಾಂಡ ಬಿಸಿಲಿಗೆ ಸುಟ್ಟುಹೋಗದಂತೆ ಬಿಳಿ ಬಣ್ಣ ಬಳಿಯಬೇಕು. 2023ರ ಬೇಸಿಗೆಯಲ್ಲಿ ಈ ಊರು ಸತತ 31 ದಿನ 110 ಡಿಗ್ರಿ ಫ್ಯಾರನ್‌ಹೀಟ್ ಅಥವಾ ಅದಕ್ಕೂ ಹೆಚ್ಚಿನ ತಾಪ ಕಂಡಿತ್ತು. ಅಂಥ ದಿನಗಳಲ್ಲಿ ಆಳುಗಳು ನಸುಕಿಗೇ ಬಂದು ಬಿಸಿಲೇರುವ ಮುಂಚೆ ಕೆಲಸ ಮುಗಿಸಬೇಕು. ನಗರಸಭೆ 2024ರಲ್ಲಿ ತನ್ನ ಗುತ್ತಿಗೆದಾರರೆಲ್ಲ ಕೆಲಸಗಾರರಿಗೆ ನೀರು, ನೆರಳು, ವಿಶ್ರಾಂತಿ ಒದಗಿಸಬೇಕೆಂದು ನಿಯಮ ಮಾಡಿತು. ಬೆಳಗಿನ ಆರಕ್ಕೆ ಯಂತ್ರದ ಸದ್ದು ಎಂದು ದೂರುವ ನಮ್ಮ ಸದಸ್ಯರು ಈ ಬಿಸಿಲನ್ನು ದಯವಿಟ್ಟು ನೆನಪಿಡಬೇಕು.

ಈಗ ನೀರಿನ ಮಾತು. ಇಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 7 ಇಂಚು. ಕೊಲರಾಡೋ ನದಿಯ ನೀರು 336 ಮೈಲಿ ಉದ್ದದ ಕಾಲುವೆ ವ್ಯವಸ್ಥೆಯಲ್ಲಿ ಮರುಭೂಮಿ ದಾಟಿ ಬರುತ್ತದೆ. 2021ರ ಆಗಸ್ಟಿನಲ್ಲಿ ಆ ನದಿಗೆ ಇತಿಹಾಸದಲ್ಲೇ ಮೊದಲ ಬಾರಿ ಅಧಿಕೃತವಾಗಿ ಕೊರತೆ ಘೋಷಣೆಯಾಯಿತು. ಮರುವರ್ಷ ಅರಿಜೋನಾದ ಪಾಲಿನಲ್ಲಿ ಶೇ. 18ರಷ್ಟು ಕಡಿತವಾಗಿ, ಪೀನಲ್ ಕೌಂಟಿಯ ರೈತರಿಗೆ ಏಟು ಬಿತ್ತು. ಕಾವೇರಿ ಕಟ್ಟಳೆಗಳ ಊರಿನಿಂದ ಬಂದ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹಾಗಿದ್ದೂ ಉತ್ತರದಿಂದ ಬಂದ ಯಜಮಾನರೊಬ್ಬರು, "ಅಲ್ಲಿ ಇತ್ತಲ್ಲ ಮಾರಾಯ್ರೇ, ಹಾಗೇ ಹಸುರು ಮಾಡಿಕೊಡಿ, ದುಡ್ಡಿನ ಚಿಂತೆ ಬೇಡ" ಎಂದು ಪಟ್ಟು ಹಿಡಿದರಂತೆ. ಮಿಷಿಗನ್ನಿನ ಬ್ಲೂಗ್ರಾಸ್ ಇಲ್ಲಿಯ ಜೂನ್ ತಾಳುವುದಿಲ್ಲ. ತಾಳುವುದು ಬರ್ಮುಡಾ, ಅಂದರೆ ನಾವು ಗಣಪತಿಗೆ ಏರಿಸುವ ಗರಿಕೆ ಮತ್ತದರ ಮಿಶ್ರತಳಿಗಳು. ಅದೂ ಚಳಿಗಾಲದಲ್ಲಿ ಕಂದುಬಣ್ಣಕ್ಕೆ ತಿರುಗುತ್ತದೆ. ತಿರುಗಲಿ ಬಿಡಿ. ಮಕ್ಕಳಾಡುವಷ್ಟು ಜಾಗದಲ್ಲಿ ಗರಿಕೆ, ಉಳಿದೆಡೆ ಜಲ್ಲಿ ಹಾಸಿ ಪಾಲೋವೆರ್ಡೆ, ಕತ್ತಾಳೆ, ಕಾಗದದ ಹೂ ಬೆಳೆಸಿದರೆ ಏನು ಕಡಿಮೆಯಾದೀತು? ರೈ ಬಿತ್ತುವುದರಲ್ಲೇ ಹೊಟ್ಟೆಪಾಡಿರುವ ನಮ್ಮ ಸದಸ್ಯರೂ ಇದನ್ನೇ ಹೇಳುತ್ತಾರೆ, ಸ್ವಲ್ಪ ಮೆಲುದನಿಯಲ್ಲಿ.

ಚಳಿ ದೇಶದ ತೋಟಗಾರ ಬಿಸಿಲ ನಾಡಿಗೆ ಬಂದು ಗೆದ್ದ ಕಥೆ ನಮಗೆ ಹೊಸದೇನಲ್ಲ. ಜರ್ಮನಿಯ ಕ್ರುಂಬಿಗಲ್ ಲಂಡನ್ನಿನ ಕ್ಯೂ ತೋಟದಲ್ಲಿ ದುಡಿದು, 1893ರಲ್ಲಿ ಬರೋಡಕ್ಕೆ, 1908ರಲ್ಲಿ ಲಾಲ್‌ಬಾಗಿಗೆ ಬಂದರು. ತಮ್ಮೂರಿನ ಮರಗಳನ್ನೇ ತಂದು ನೆಡುವ ಹಟ ಅವರಿಗಿರಲಿಲ್ಲ. ಬೆಂಗಳೂರಿನ ಹವೆಗೆ ಯಾವುದು ಒಗ್ಗೀತು ಎಂದು ಹುಡುಕಿ, ಒಂದರ ಹೂ ಉದುರುವಾಗ ಇನ್ನೊಂದು ಅರಳುವಂತೆ ರಸ್ತೆಗಳಿಗೆ ಮರ ಆರಿಸಿದರು. 1956ರಲ್ಲಿ ಅವರು ತೀರಿಕೊಂಡದ್ದೂ ಬೆಂಗಳೂರಿನಲ್ಲೇ.

ಕೊನೆಯದಾಗಿ ಸದಸ್ಯರಲ್ಲಿ ಎರಡು ವಿನಂತಿ. "ನಮ್ಮವರೇ ಅಲ್ವಾ, ನೋಡಿ ಮಾಡಿ" ಎಂದು ಪರವಾನಗಿ ಇಲ್ಲದವರಿಂದ ದೊಡ್ಡ ಕೆಲಸ ಮಾಡಿಸಬೇಡಿ. ಸಾಮಾನು, ಕೂಲಿ ಸೇರಿ 1,000 ಡಾಲರ್ ಮುಟ್ಟುವ ನಿರ್ಮಾಣ ಕೆಲಸಕ್ಕೆ ಅರಿಜೋನಾದಲ್ಲಿ ಗುತ್ತಿಗೆದಾರರ ಪರವಾನಗಿ ಬೇಕು. ಬೇರೆ ರಾಜ್ಯದಲ್ಲಿ ಪಡೆದದ್ದನ್ನು ತೋರಿಸಿ ಇಲ್ಲಿ ಕೆಲಸ ಶುರುಮಾಡುವಂತಿಲ್ಲ. ನಮ್ಮ ಸದಸ್ಯರು ಆ ಕಾಗದಪತ್ರ ಮುಗಿಯುವವರೆಗೆ ಬರೀ ಹುಲ್ಲು ಕತ್ತರಿಸಿ, ಗಿಡ ಸವರಿ ಕಾಲ ತಳ್ಳಿದರು.

ಇನ್ನೊಂದು, ಫ್ಲೋರಿಡಾದ ನೆಂಟರ ಮನೆಯಿಂದ ಕರಿಬೇವಿನ ಸಸಿಯನ್ನು ಸೂಟ್‌ಕೇಸಿನಲ್ಲಿ ತರಬೇಡಿ. ಕಿತ್ತಳೆ ಜಾತಿಯ ಗಿಡಗಳಿಗೆ ಗ್ರೀನಿಂಗ್ ರೋಗ ಹರಡುವ ಕೀಟ ಕರಿಬೇವಿನ ಮೇಲೂ ಬೆಳೆಯುತ್ತದೆ. ಅದಕ್ಕೇ ಅದರ ಸಾಗಾಟಕ್ಕೆ ಕೇಂದ್ರ ಸರ್ಕಾರದ ನಿರ್ಬಂಧವಿದೆ. ಸ್ಥಳೀಯ ನರ್ಸರಿಯಲ್ಲಿ ಕೊಳ್ಳಿ, ಮಾರ್ಚ್‌ನೊಳಗೆ ನೆಡಿ, ಮೊದಲ ಬೇಸಿಗೆ ಮಧ್ಯಾಹ್ನದ ಬಿಸಿಲಿಗೆ ಅಡ್ಡಲಾಗಿ ಒಂದು ನೆರಳು ಬಟ್ಟೆ ಕಟ್ಟಿ.