ವಿದುರಾಶ್ವತ್ಥದಿಂದ ಸಿದಿ ಬೂಝಿದ್‌ವರೆಗೆ

ಅರಬ್ ದೇಶಗಳ ಜನಹೋರಾಟದ ಮಾತು ಬಂದಾಗಲೆಲ್ಲ, ಅದು ಸೋತಿತು, ಆ ಜನಕ್ಕೆ ಪ್ರಜಾಪ್ರಭುತ್ವ ಒಗ್ಗುವುದಿಲ್ಲ ಎಂದು ಕೈ ತೊಳೆದುಕೊಳ್ಳುವವರಿದ್ದಾರೆ. ಗೌರಿಬಿದನೂರು, ಚಿಕ್ಕಬಳ್ಳಾಪುರ ಸೀಮೆಯವರಂತೂ ಈ ಮಾತಿಗೆ ತಲೆದೂಗಬಾರದು.

1938ರ ಏಪ್ರಿಲ್ 25. ಮೈಸೂರು ಸಂಸ್ಥಾನದಲ್ಲಿ ಕಾಂಗ್ರೆಸ್ ಬಾವುಟ ಹಾರಿಸುವಂತಿರಲಿಲ್ಲ. ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದಲ್ಲಿ ಜಾತ್ರೆಯ ಸಮಯ. ನಿಷೇಧ ಲೆಕ್ಕಿಸದೆ ಸತ್ಯಾಗ್ರಹಕ್ಕೆ ಸೇರಿದವರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಸತ್ತವರು ಹತ್ತು ಮಂದಿ ಎಂದಿತು ಸರ್ಕಾರ. ಮೂವತ್ತು ದಾಟಿತ್ತು ಎಂದರು ಜನ. ಗಾಂಧೀಜಿ ಕಳಿಸಿದ ಸರ್ದಾರ್ ಪಟೇಲ್ ಮತ್ತು ಆಚಾರ್ಯ ಕೃಪಲಾನಿ ಬೆಂಗಳೂರಿಗೆ ಬಂದು ದಿವಾನ್ ಮಿರ್ಜಾ ಇಸ್ಮಾಯಿಲ್ ಅವರೊಡನೆ ಮಾತಾಡಿದರು. ಬಾವುಟಕ್ಕೆ ಒಪ್ಪಿಗೆ ಸಿಕ್ಕಿತು, ಜನರಿಗೆ ಲೆಕ್ಕ ಕೊಡುವ ಜವಾಬ್ದಾರಿ ಸರ್ಕಾರ ಸಿಗಲಿಲ್ಲ. ಅದಕ್ಕೆ ಇನ್ನೂ ಒಂಬತ್ತು ವರ್ಷ ಬೇಕಾಯಿತು. ದೇಶ ಸ್ವತಂತ್ರವಾದ ಮೇಲೂ ‘ಮೈಸೂರು ಚಲೋ’ ನಡೆದು, ಜನ ಜೈಲು ತುಂಬಿದ ಮೇಲೆಯೇ 1947ರ ಅಕ್ಟೋಬರಿನಲ್ಲಿ ಕೆ.ಸಿ. ರೆಡ್ಡಿ ಅವರ ಸರ್ಕಾರ ಬಂದದ್ದು.

ನೆನಪಿಡಬೇಕು, ಮೈಸೂರು ಆಗ ‘ಮಾದರಿ ಸಂಸ್ಥಾನ’. ಕನ್ನಂಬಾಡಿ ಕಟ್ಟೆ, ಶಿವನಸಮುದ್ರದ ವಿದ್ಯುತ್, ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಎಲ್ಲವೂ ಇದ್ದವು. ಆದರೂ ಆಳುವವರು ತಮಗೆ ಲೆಕ್ಕ ಕೊಡಬೇಕೆಂದು ರೈತಾಪಿ ಜನ ಕೇಳಿದರು.

ಟ್ಯುನೀಷಿಯಾದವರು ಕೇಳಿದ್ದೂ ಇದನ್ನೇ. 2010ರ ಡಿಸೆಂಬರ್ 17ರಂದು ಸಿದಿ ಬೂಝಿದ್ ಊರಿನಲ್ಲಿ ತಳ್ಳುಗಾಡಿಯಲ್ಲಿ ಹಣ್ಣು ಮಾರುತ್ತಿದ್ದ ಮೊಹಮ್ಮದ್ ಬುವಾಝೀಝಿ, ಅಧಿಕಾರಿಗಳು ತನ್ನ ತಕ್ಕಡಿ ಕಸಿದುಕೊಂಡಾಗ ಅಹವಾಲು ಕೇಳುವವರಿಲ್ಲದೆ ಮೈಗೆ ಬೆಂಕಿ ಹಚ್ಚಿಕೊಂಡ. ತಿಂಗಳೊಳಗೆ, 23 ವರ್ಷ ಆಳಿದ ಬೆನ್ ಅಲಿ ದೇಶ ಬಿಟ್ಟು ಓಡಿದ. ಫೆಬ್ರುವರಿ 11ಕ್ಕೆ ಈಜಿಪ್ಟಿನ ಮುಬಾರಕ್ ಇಳಿದ.

ಮುಂದಿನದು ಕಹಿ. ಈಜಿಪ್ಟಿನಲ್ಲಿ 2013ರಲ್ಲಿ ಸೇನೆ ಮರಳಿತು; ಟ್ಯುನೀಷಿಯಾದಲ್ಲಿ 2021ರಲ್ಲಿ ಅಧ್ಯಕ್ಷ ಕೈಸ್ ಸಯೀದ್ ಸಂಸತ್ತನ್ನೇ ಅಮಾನತಿನಲ್ಲಿಟ್ಟ. ಆದರೆ ವಿದುರಾಶ್ವತ್ಥದ ಸಾವುಗಳ ಹಿಂದೆ ಇಡೀ ದೇಶದ ಚಳವಳಿ ನಿಂತಿತ್ತು, ಮಾತಿಗೆ ಕೂರುವ ದಿವಾನರಿದ್ದರು. ಕೈರೋದ ಯುವಕರ ಎದುರು ನಿಂತದ್ದು ಟ್ಯಾಂಕು. ಅವರ ಸೋಲನ್ನು ಅವರ ಸ್ವಭಾವದ ಮೇಲೆ ಹೊರಿಸುವುದು ಅನ್ಯಾಯ.

ಇಲ್ಲಿಯೂ ಕೆಲಸ ಮುಗಿದಿಲ್ಲ. 2000ದ ಮಾರ್ಚ್ 11ರಂದು ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ ಏಳು ದಲಿತರನ್ನು ಜೀವಂತ ಸುಟ್ಟರು. 2006ರಲ್ಲಿ ಆರೋಪಿಗಳೆಲ್ಲ ಖುಲಾಸೆಯಾದರು. ಅರ್ಧ ಶತಮಾನದ ಓಟು ಆ ಮನೆಯವರಿಗೆ ನ್ಯಾಯ ತಂದುಕೊಡಲಿಲ್ಲ.

ವಿದುರಾಶ್ವತ್ಥದ ಹುತಾತ್ಮರ ಸ್ಮಾರಕ ವೀರಸೌಧಕ್ಕೆ ಶಿಡ್ಲಘಟ್ಟ, ಚಿಂತಾಮಣಿಯ ಮಕ್ಕಳನ್ನು ಕರೆತರುವ ಮೇಷ್ಟ್ರುಗಳು ಕಂಬಾಲಪಲ್ಲಿಯಲ್ಲಿ ನಡೆದದ್ದನ್ನೂ ಸಿದಿ ಬೂಝಿದ್‌ನಲ್ಲಿ ನಡೆದದ್ದನ್ನೂ ಅವರಿಗೆ ಹೇಳಲಿ.