ಒಂದೇ ವಿಳಾಸಕ್ಕೆ ಇಬ್ಬರು ಒಡೆಯರು

ನಮ್ಮ ಕಾಸರಗೋಡು ಸೀಮೆಯಲ್ಲಿ ಕಾಗದ ಬರುವುದು ಮನೆಯ ಹೆಸರಿಗೆ. ಒಂದೇ ಹೆಸರಿನ ಎರಡು ಮನೆಗಳು ಒಂದೇ ಅಂಚೆಯ ವ್ಯಾಪ್ತಿಯಲ್ಲಿದ್ದರೆ ಅಂಚೆಯಣ್ಣನ ಪಾಡು ಹೇಳತೀರದು. ಇಲ್ಲಿಯ ಕಾಗದ ಅಲ್ಲಿಗೆ, ಅಲ್ಲಿಯ ಕಾಗದ ಇಲ್ಲಿಗೆ. ಇಂಥದೇ ತೊಡಕು ಈಗ ನಮ್ಮ ಮನೆಗಳ ಒಳಗೂ ಕಾಣಿಸಿಕೊಳ್ಳುತ್ತಿದೆ. ಮೊಬೈಲು, ಟಿ.ವಿ., ಪ್ರಿಂಟರ್, ಕ್ಯಾಮೆರಾ ಎಲ್ಲವೂ ಒಂದೇ ವೈಫೈ ಪೆಟ್ಟಿಗೆಯನ್ನು ನೆಚ್ಚಿಕೊಂಡಿರುವ ಮನೆಗಳಲ್ಲಿ ಯಾವುದಾದರೊಂದು ಉಪಕರಣವು ಕಾರಣವಿಲ್ಲದೆ ಮೌನ ತಾಳುವುದುಂಟು. ಉಪಕರಣ ಕೆಟ್ಟಿತೆಂದು ಹೊಸದನ್ನು ಕೊಂಡವರೂ ಉಂಟು. ಆದುದರಿಂದ ಈ ತಿಂಗಳು ಈ ವಿಷಯವನ್ನು ವಾಚಕ ಬಂಧುಗಳ ಮುಂದಿಡಲು ಬಯಸುತ್ತೇವೆ.

ಜಾಲಕ್ಕೆ ಸೇರಿದ ಪ್ರತಿಯೊಂದು ಉಪಕರಣಕ್ಕೂ ಒಂದು ಸಂಖ್ಯೆ ಬೇಕು. ಅದನ್ನು ಐಪಿ ವಿಳಾಸವೆನ್ನುತ್ತಾರೆ. 1981ರಲ್ಲಿ ನಿಗದಿಯಾದ ಕ್ರಮದಂತೆ ಅದರಲ್ಲಿ ನಾಲ್ಕು ಅಂಕಿಗಳಿರುತ್ತವೆ. ಒಂದೊಂದೂ 0ಯಿಂದ 255ರ ಒಳಗಿನದು. ಹೀಗೆ ದೊರಕುವ ವಿಳಾಸಗಳು ಸುಮಾರು 430 ಕೋಟಿ. ಲೋಕಕ್ಕೆ ಇಷ್ಟು ಸಾಲದೆಂದು ಕಂಡುದರಿಂದ, 1994ರಲ್ಲಿ ಕೆಲವು ಸಾಲುಗಳನ್ನು ಮನೆ ಮತ್ತು ಕಚೇರಿಗಳ ಒಳಬಳಕೆಗೆಂದು ಮೀಸಲಿಟ್ಟರು. 192.168 ಎಂದು ಆರಂಭವಾಗುವ ವಿಳಾಸಗಳು ಇಂಥವೇ. ಇವು ನಿಮ್ಮ ಮನೆಯಲ್ಲೂ ಇರಬಹುದು, ನೆರೆಮನೆಯಲ್ಲೂ ಇರಬಹುದು, ಅದರಿಂದ ಬಾಧಕವಿಲ್ಲ. ಬಾಧಕವಾಗುವುದು ಒಂದೇ ಮನೆಯೊಳಗೆ ಎರಡು ಉಪಕರಣಗಳು ಒಂದೇ ಸಂಖ್ಯೆಯನ್ನು ಹಿಡಿದಾಗ.

ಈ ಸಂಖ್ಯೆಗಳನ್ನು ಹಂಚುವ ಕೆಲಸ ರೂಟರ್ ಎಂಬ ಪೆಟ್ಟಿಗೆಯದು. ತರಗತಿಯ ಉಪಾಧ್ಯಾಯರು ಹಾಜರಿ ಪುಸ್ತಕದಲ್ಲಿ ಮಕ್ಕಳಿಗೆ ಕ್ರಮಸಂಖ್ಯೆ ಕೊಡುವಂತೆ, ಬಂದ ಉಪಕರಣಕ್ಕೆಲ್ಲ ಬಿಡುವಿರುವ ಸಂಖ್ಯೆಯೊಂದನ್ನು ಅದು ಗೊತ್ತಾದ ಅವಧಿಗೆ ಕೊಡುತ್ತದೆ. ಈ ಏರ್ಪಾಡಿನ ಹೆಸರು ಡಿಎಚ್‌ಸಿಪಿ. ಇಷ್ಟೇ ಇದ್ದರೆ ಜಗಳವಿಲ್ಲ. ಉಪಾಧ್ಯಾಯರನ್ನು ಕೇಳದೆ ಒಬ್ಬ ಹುಡುಗ ತಾನೇ ಒಂದು ಸಂಖ್ಯೆಯನ್ನು ಇಟ್ಟುಕೊಂಡು ಕುಳಿತರೆ ಮಾತ್ರ ಹಾಜರಿ ಕೆಡುತ್ತದೆ.

ನಾವು ಕಣ್ಣಾರೆ ಕಂಡ ಒಂದು ಮನೆಯ ಸಂಗತಿಯನ್ನು ಇಲ್ಲಿ ಹೇಳಬಹುದು. ವೃದ್ಧ ದಂಪತಿಗಳು ಮಾತ್ರ ಇರುವ ಮನೆ. ಮಗ ಕೊಲ್ಲಿ ನಾಡಿನಲ್ಲಿದ್ದಾನೆ. ಅಂಗಳದ ಕ್ಯಾಮೆರಾದ ಮೂಲಕ ದಿನಕ್ಕೆರಡು ಬಾರಿ ತಂದೆತಾಯಿಗಳನ್ನು ನೋಡಿ ಸಮಾಧಾನಪಡುತ್ತಾನೆ. ಮಗಳು ಮಂಗಳೂರಿನಿಂದ ವಾರಕ್ಕೊಮ್ಮೆ ಬಂದುಹೋಗುತ್ತಾಳೆ. ಮಳೆಗಾಲ ಹಿಡಿಯಿತೆಂದರೆ ಕ್ಯಾಮೆರಾದ ಚಿತ್ರ ಮಾಯವಾಗುವುದು. ಆ ರಾತ್ರಿ ಮಗನಿಗೆ ನಿದ್ರೆಯಿಲ್ಲ, ದೂರವಾಣಿಯ ಕರೆಗಳಿಂದ ತಂದೆಗೂ ನಿದ್ರೆಯಿಲ್ಲ. ನೋಡಲು ಬಂದ ದುರಸ್ತಿಗಾರನು ಕ್ಯಾಮೆರಾ ಕೆಟ್ಟಿದೆ, ಬದಲಾಯಿಸಬೇಕು ಎಂದು ಹೇಳಿಹೋದ.

ಕ್ಯಾಮೆರಾ ಕೆಟ್ಟಿರಲಿಲ್ಲ. ಅದನ್ನು ಕೂರಿಸಿದವರು 192.168.1.5 ಎಂಬ ಸಂಖ್ಯೆಯನ್ನು ಕೈಯಿಂದಲೇ ಬರೆದಿಟ್ಟಿದ್ದರು. ರೂಟರ್ ಆದರೋ 2ರಿಂದ 254ರವರೆಗಿನ ಎಲ್ಲ ಸಂಖ್ಯೆಗಳೂ ತನ್ನವೇ ಎಂದು ಹಂಚುತ್ತಿತ್ತು. ವಿದ್ಯುತ್ತು ಹೋದಾಗ ರೂಟರ್ ಇನ್ವರ್ಟರಿನ ಬಲದಿಂದ ನಡೆಯುತ್ತಿತ್ತು, ಕ್ಯಾಮೆರಾ ಆರಿಹೋಗುತ್ತಿತ್ತು. ಆ ಹೊತ್ತಿಗೆ ಬಂದ ಮಗಳ ಮೊಬೈಲಿಗೆ, 5 ಬಿಡುವಾಗಿದೆಯೆಂದು ರೂಟರ್ ಅದನ್ನೇ ಕೊಟ್ಟಿತು. ವಿದ್ಯುತ್ತು ಬಂದೊಡನೆ ಕ್ಯಾಮೆರಾ ಎಚ್ಚೆತ್ತು ತನ್ನ ಹಳೆಯ ಸಂಖ್ಯೆಯನ್ನೇ ಹಿಡಿಯಿತು. ಒಂದೇ ವಿಳಾಸಕ್ಕೆ ಇಬ್ಬರು ಒಡೆಯರಾದರು.

ಇದನ್ನು ಕಂಡುಹಿಡಿಯುವ ಬಗೆ ಸುಲಭ. ಕ್ಯಾಮೆರಾದ ವಿದ್ಯುತ್ ಸಂಪರ್ಕವನ್ನು ತೆಗೆದು, ಗಣಕಯಂತ್ರದಲ್ಲಿ ಪಿಂಗ್ ಎಂಬ ಆಜ್ಞೆಯ ಮುಂದೆ ಆ ಸಂಖ್ಯೆಯನ್ನು ಬರೆದು ಕೇಳಬೇಕು. ಕ್ಯಾಮೆರಾ ಆರಿದ್ದರೂ ಆ ವಿಳಾಸದಿಂದ ಉತ್ತರ ಬಂದರೆ, ಅಲ್ಲಿ ಮತ್ತೊಬ್ಬರು ಕುಳಿತಿದ್ದಾರೆಂದು ಅರ್ಥ. ಉತ್ತರ ಬಾರದಿದ್ದ ಮಾತ್ರಕ್ಕೆ ಯಾರೂ ಇಲ್ಲವೆನ್ನುವಂತಿಲ್ಲ; ಕೆಲವು ಉಪಕರಣಗಳು ಪಿಂಗ್‌ಗೆ ಮಾರುತ್ತರ ಕೊಡುವುದಿಲ್ಲ. ರೂಟರಿನೊಳಗಿನ ಉಪಕರಣಗಳ ಪಟ್ಟಿಯನ್ನೂ ನೋಡಬೇಕು. ಆ ಮನೆಯಲ್ಲಿ ಪಟ್ಟಿಯೇ ಮೊಬೈಲಿನ ಹೆಸರನ್ನು ತೋರಿಸಿತು.

ಪರಿಹಾರವೂ ಸುಲಭವೇ. ರೂಟರ್ ಹಂಚುವ ಸಂಖ್ಯೆಗಳನ್ನು 100ರಿಂದ 200ರವರೆಗೆ ಎಂದು ಸೀಮಿತಗೊಳಿಸಿದುದಾಯಿತು. ಕ್ಯಾಮೆರಾಕ್ಕೆ ಆ ಸಾಲಿನ ಹೊರಗಿನ 20ನ್ನು ಕೊಟ್ಟುದಾಯಿತು. ಬಳಿಕ ಎಲ್ಲ ಉಪಕರಣಗಳನ್ನೂ ಒಮ್ಮೆ ಆರಿಸಿ ಹೊತ್ತಿಸಿದೆವು. ಖರ್ಚು ಒಂದು ಕಾಸೂ ಇಲ್ಲ. ಕೈಯಿಂದ ಸಂಖ್ಯೆ ಬರೆಯುವ ಗೊಡವೆ ಬೇಡವೆನ್ನುವವರು, ಇಂಥ ಉಪಕರಣಕ್ಕೆ ಇಂಥದೇ ಸಂಖ್ಯೆಯೆಂದು ರೂಟರಿನಲ್ಲಿಯೇ ಕಾಯ್ದಿರಿಸಬಹುದು.

ಜಗಳಕ್ಕೆ ಇನ್ನೊಂದು ಕಾರಣವುಂಟು. ಫೈಬರ್ ಸಂಪರ್ಕದೊಡನೆ ಬಂದ ಪೆಟ್ಟಿಗೆಯ ಜೊತೆಗೆ, ಮಹಡಿಗೂ ವೈಫೈ ಎಟುಕಲೆಂದು ಹಳೆಯ ರೂಟರನ್ನೂ ಜೋಡಿಸುತ್ತಾರೆ. ಆಗ ಒಂದೇ ತರಗತಿಗೆ ಇಬ್ಬರು ಉಪಾಧ್ಯಾಯರು, ಎರಡು ಹಾಜರಿ ಪುಸ್ತಕ! ಎರಡೂ ಪೆಟ್ಟಿಗೆಗಳು ತಮ್ಮ ವಿಳಾಸವನ್ನೇ 192.168.1.1 ಎಂದಿಟ್ಟುಕೊಂಡಿದ್ದರೆ ತೊಡಕು ಇಮ್ಮಡಿ. ಹಳೆಯದನ್ನು ಜೋಡಿಸುವ ಮೊದಲೇ ಅದರ ಡಿಎಚ್‌ಸಿಪಿಯನ್ನು ನಿಲ್ಲಿಸಿ, ಅದರ ವಿಳಾಸವನ್ನು 192.168.1.2 ಎಂದು ಬದಲಾಯಿಸಬೇಕು. ತಂತಿಯನ್ನು ಅದರ ಲ್ಯಾನ್ ಕಿಂಡಿಗೆ ಸೇರಿಸಬೇಕು. ಮೊದಲ ಪೆಟ್ಟಿಗೆಯು ಹಂಚುವ ಸಾಲಿನಲ್ಲಿ ಆ 2 ಇರಕೂಡದು.

ಮತ್ತೊಂದು ಸೂಚನೆ. ಉಪಕರಣದ ವಿಳಾಸವು 169.254 ಎಂದು ಆರಂಭವಾಗಿದ್ದರೆ ಅದು ಸಾಮಾನ್ಯವಾಗಿ ಜಗಳದ ಗುರುತಲ್ಲ. ರೂಟರಿನಿಂದ ಅದಕ್ಕೆ ಸಂಖ್ಯೆಯೇ ದೊರೆತಿಲ್ಲವೆಂಬ ಗುರುತು. ಆಗ ತಂತಿಯನ್ನೂ ಗುಪ್ತಪದವನ್ನೂ ಪರೀಕ್ಷಿಸಬೇಕು. ಹಾಗೆಯೇ, ಒಮ್ಮೆಲೇ ಎಲ್ಲ ಉಪಕರಣಗಳೂ ನಿಂತುಹೋದರೆ ಮೊದಲು ಹೊರಗಿನ ಸಂಪರ್ಕವನ್ನು ಸಂಶಯಿಸಬೇಕು. ಒಂದೆರಡು ಮಾತ್ರ ಬಂದುಹೋಗುತ್ತಿದ್ದರೆ ವಿಳಾಸವನ್ನು ನೋಡುವುದು ಲೇಸು.

ಈ ಪೆಟ್ಟಿಗೆಗಳೊಡನೆ ಬರುವ ಪುಸ್ತಿಕೆಗಳಲ್ಲಿ ಕನ್ನಡ ಕಾಣಸಿಗುವುದು ಅಪರೂಪ. ಬರುವ ಕೆಲಸಗಾರರಿಗೂ ನಮ್ಮ ಹಿರಿಯರಿಗೂ ಮಾತು ಹೊಂದುವುದು ಕಷ್ಟ. ಅದಕ್ಕಾಗಿ ಮನೆಯ ಮಕ್ಕಳು ಒಂದು ಕೆಲಸ ಮಾಡಲಿ: ರೂಟರ್ ಹಂಚುವ ಸಂಖ್ಯೆಗಳು ಎಲ್ಲಿಂದ ಎಲ್ಲಿಯವರೆಗೆ, ಕ್ಯಾಮೆರಾದ ಸಂಖ್ಯೆ ಯಾವುದು, ಪ್ರಿಂಟರಿನದು ಯಾವುದು ಎಂಬುದನ್ನು ಕನ್ನಡದಲ್ಲಿ ಸ್ಫುಟವಾಗಿ ಬರೆದು ಪೆಟ್ಟಿಗೆಯ ಬಳಿ ಅಂಟಿಸಲಿ. ಗುಪ್ತಪದವನ್ನು ಮಾತ್ರ ಅಲ್ಲಿ ಬರೆಯಬಾರದು. ಮಕ್ಕಳು ಊರಿಗೆ ಮರಳಿದ ಮೇಲೂ ಆ ಚೀಟಿ ಹಿರಿಯರ ನೆರವಿಗೆ ಇರುವುದು. ಒಳ್ಳೆಯ ಉಪಕರಣವನ್ನು ಕೆಟ್ಟಿತೆಂದು ಎಸೆಯುವ ಪ್ರಸಂಗವೂ ತಪ್ಪುವುದು.